ದೊಡ್ಡ ಲಾನ್ ಇರೋ ಕ್ಯಾಂಪಸ್ಸಾ, ನೆರಳಿನ ಅಂಗಳ ಇರೋ ಕ್ಯಾಂಪಸ್ಸಾ?

ಎರಡು ಯೂನಿವರ್ಸಿಟಿಲಿ ಯಾವ್ದಕ್ಕೆ ಸೇರೋದು ಅಂತ ಯೋಚಿಸ್ತಿರೋರು ಲ್ಯಾಬು, ಲೈಬ್ರರಿ ಜೊತೆ ಹೊರಗಿನ ಜಾಗದಲ್ಲೂ ಒಂದರ್ಧ ಗಂಟೆ ಕೂತು ನೋಡಿ. ದೊಡ್ಡ ಲಾನ್ ಫೋಟೋದಲ್ಲಿ ಸೂಪರ್, ಫಂಕ್ಷನ್‌ಗೆ, ಆಟಕ್ಕೆ ಅದೇ ಬೇಕು, ಆದ್ರೆ ಬಿಸಿಲು ಏರಿದ್ಮೇಲೆ ಅಲ್ಲಿ ಒಬ್ರೂ ಇರಲ್ಲ, ಎಲ್ರೂ ಅಂಚಲ್ಲಿರೋ ಒಂದೇ ಮರದ ಕೆಳಗೆ ಬ್ಯಾಗ್ ತೊಡೆ ಮೇಲಿಟ್ಕೊಂಡು ಒತ್ತೊತ್ತಾಗಿ ಕೂತಿರ್ತಾರೆ. ಬಿಲ್ಡಿಂಗ್‌ಗಳ ಮಧ್ಯದ ಚಿಕ್ಕ ಅಂಗಳ ಹಾಗಲ್ಲ. ನೆರಳು, ಒರಗೋ ಬೆಂಚು, ಪಕ್ಕದಲ್ಲೇ ಕುಡಿಯೋ ನೀರು ಇದ್ರೆ ಎರಡು ಕ್ಲಾಸ್ ನಡುವಿನ ಹತ್ತು ನಿಮಿಷಾನೂ ಅಲ್ಲೇ ಕಳೆಯುತ್ತೆ. 1970ರ ದಶಕದಲ್ಲಿ ನ್ಯೂಯಾರ್ಕ್‌ನ ಪ್ಲಾಜಾಗಳನ್ನ, ಅಂದ್ರೆ ದೊಡ್ಡ ಬಿಲ್ಡಿಂಗ್‌ಗಳ ಮುಂದಿನ ತೆರೆದ ಜಾಗಗಳನ್ನ, ಕ್ಯಾಮೆರಾ ಇಟ್ಟು ಗಮನಿಸಿದ ಅಮೆರಿಕದ ಲೇಖಕ ವಿಲಿಯಂ ವೈಟ್ ಕಂಡ್ಕೊಂಡಿದ್ದೂ ಇದನ್ನೇ, ಕೂರೋಕೆ ಅನುಕೂಲ ಇದ್ದಲ್ಲೇ ಜನ ಕೂರ್ತಾರೆ, ಅದರಲ್ಲೂ ಎಳೆಯೋಕಾಗೋ ಕುರ್ಚಿ ಸಿಕ್ರೆ ಸುಮ್ನೆ ಒಂಚೂರು ಸರಿಸಿಯಾದ್ರೂ ಕೂರ್ತಾರೆ. ಅಂಗಳದ ತೊಂದ್ರೆ ಅಂದ್ರೆ ಗಲಾಟೆ ಸೀದಾ ಕ್ಲಾಸ್ ಕಿಟಕಿಗೆ ಹೋಗುತ್ತೆ, ಜಾಗಾನೂ ಬೇಗ ತುಂಬುತ್ತೆ. ಆದ್ರೂ ದಿನಾ ಬಳಸೋಕೆ ನನ್ನ ಓಟು ಅಂಗಳಕ್ಕೇ. ಎರಡರಲ್ಲೂ ವೀಲ್‌ಚೇರ್ ಹೋಗೋ ದಾರಿ ಇದ್ಯಾ ಅಂತ ಮಾತ್ರ ಖಂಡಿತ ನೋಡಿ, ಕತ್ತಲಾದ್ಮೇಲೂ ಒಂದ್ಸಲ ಹೋಗಿ ಲೈಟು ಎಲ್ಲೆಲ್ಲಿ ಉರಿಯುತ್ತೆ ನೋಡ್ಕೊಂಡು ಬನ್ನಿ.