ಕಲಬುರಗಿಯ ಬಿಸಿಲಿಗೆ ಎರಡು ಪದರ ಗಾಜಿನ ಕಿಟಕಿ: ಗಾಜಿಗಿಂತ ಸಂದಿಯೇ ಮುಖ್ಯ

ಕಲಬುರಗಿಯಲ್ಲಿ ಶಹಾಬಾದ್ ಕಲ್ಲಿನ ಹಳೆಯ ಮನೆಯ ಮೇಲೆ ಹೊಸದಾಗಿ ಕಟ್ಟಿಸಿದ ಮಲಗುವ ಕೋಣೆಗಳಿಗೆ ನಾವು ಎಎಸಿ ಬ್ಲಾಕಿನ ಗೋಡೆ, ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟಿನ ಎರಡು ಪದರ ಗಾಜಿನ ಕಿಟಕಿ ಮತ್ತು ನಾಲ್ಕೂ ಅಂಚಿಗೆ ರಬ್ಬರ್ ಪಟ್ಟಿಯಿರುವ ಬಾಗಿಲುಗಳನ್ನು ಹಾಕಿಸಿದೆವು. ಬೇಸಿಗೆಯನ್ನೂ ಮಳೆಗಾಲವನ್ನೂ ಕಂಡ ಮೇಲೆ ಅವುಗಳ ಬಗ್ಗೆ ಬರೆಯುತ್ತಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳುವುದಾದರೆ, ಕಿಟಕಿ ಚೆನ್ನಾಗಿದೆ, ಗೋಡೆ ಇನ್ನೂ ಚೆನ್ನಾಗಿದೆ, ಕೂರಿಸುವ ಕೆಲಸ ಮಾತ್ರ ಎರಡನೆಯ ಸಲ ಮಾಡಿಸಿದ ಮೇಲೆ ಸರಿಹೋಯಿತು. ಗಾಜಿನ ಮತ್ತು ಚೌಕಟ್ಟಿನ ಗುಣಗಳನ್ನು ಮಾರಾಟಗಾರರು ಕೊಡುವ ಪುಸ್ತಿಕೆಗಳು ಪುಟಗಟ್ಟಲೆ ವರ್ಣಿಸುತ್ತವೆ. ಚೌಕಟ್ಟಿಗೂ ಗೋಡೆಗೂ ನಡುವೆ ಉಳಿಯುವ ಬೆರಳಗಲದ ಸಂದಿಯ ಬಗ್ಗೆ ನಾವು ತರಿಸಿಕೊಂಡ ಯಾವ ಪುಸ್ತಿಕೆಯಲ್ಲೂ ಒಂದು ಸಾಲೂ ಇರಲಿಲ್ಲ. ಹಾಕಿದ ದುಡ್ಡು ದಕ್ಕುವುದೋ ಸೋರಿಹೋಗುವುದೋ ಎಂಬುದು ತೀರ್ಮಾನವಾಗುವುದು ಆ ಸಂದಿಯಲ್ಲಿಯೇ.

ಗೋಡೆಯಿಂದ ಆರಂಭಿಸುತ್ತೇನೆ. ಸಿಮೆಂಟ್, ಸುಣ್ಣ ಮತ್ತು ಹಾರುಬೂದಿಯ ಮಿಶ್ರಣಕ್ಕೆ ಅಲ್ಯೂಮಿನಿಯಂ ಪುಡಿ ಬೆರೆಸಿ ಉಬ್ಬಿಸಿ, ಅಧಿಕ ಒತ್ತಡದ ಹಬೆಯಲ್ಲಿ ಗಟ್ಟಿ ಮಾಡಿದ ಇಟ್ಟಿಗೆಯೇ ಎಎಸಿ ಬ್ಲಾಕ್. ಒಂದು ಘನ ಮೀಟರಿಗೆ ಇದರ ತೂಕ ಸುಮಾರು 550ರಿಂದ 650 ಕಿಲೋ ಮಾತ್ರ. ಹೀಗಾಗಿ ಹಳೆಯ ಕಟ್ಟಡದ ಮೇಲೆ ಎತ್ತುವ ಗೋಡೆಗೆ ಇದು ಹೇಳಿ ಮಾಡಿಸಿದಂತಿದೆ. ಒಳಗಿನ ಮತ್ತು ಹೊರಗಿನ ತಾಪಮಾನಗಳ ನಡುವೆ ಒಂದು ಡಿಗ್ರಿ ಅಂತರವಿದ್ದಾಗ ಒಂದು ಚದರ ಮೀಟರ್ ಗೋಡೆಯ ಮೂಲಕ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬುದನ್ನು ಯು ಮೌಲ್ಯ ಎನ್ನುತ್ತಾರೆ. ಎರಡೂ ಬದಿ ಗಿಲಾವು ಮಾಡಿದ ಒಂಬತ್ತು ಅಂಗುಲದ ಸುಟ್ಟ ಇಟ್ಟಿಗೆಯ ಗೋಡೆಗೆ ಇದು ಸುಮಾರು 2 ಆದರೆ, 200 ಮಿಲಿಮೀಟರ್ ಎಎಸಿ ಗೋಡೆಗೆ 1ಕ್ಕಿಂತ ಕಡಿಮೆ. ಪಶ್ಚಿಮದ ಗೋಡೆಗೆ ಏಪ್ರಿಲ್ ತಿಂಗಳ ಸಂಜೆ ಒಳಗಿನಿಂದ ಅಂಗೈ ಒತ್ತಿದರೆ ಈ ಅಂತರ ತಾನಾಗಿಯೇ ತಿಳಿಯುತ್ತದೆ. ಕೆಳಗಿನ ಮನೆಯ ದಪ್ಪ ಕಲ್ಲಿನ ಗೋಡೆ ಹಗಲೆಲ್ಲ ತಣ್ಣಗಿದ್ದು, ನಾವು ಮಲಗುವ ಹೊತ್ತಿಗೆ ಸರಿಯಾಗಿ ಹಗಲಿನ ಬಿಸಿಯನ್ನು ಒಳಗೆ ಬಿಡತೊಡಗುತ್ತದೆ. ಮೇಲಿನ ಗೋಡೆಯಲ್ಲಿ ಆ ಕಾಟ ಬಹುಮಟ್ಟಿಗೆ ಇಲ್ಲ.

ಆದರೆ ಬ್ಲಾಕ್ ಶಾಖವನ್ನು ತಡೆದ ಮಾತ್ರಕ್ಕೆ ಗೋಡೆ ಗಾಳಿಯನ್ನೂ ತಡೆಯುತ್ತದೆ ಎಂದು ತಿಳಿಯಬಾರದು. ಎರಡು ಬ್ಲಾಕ್‌ಗಳ ನಡುವಿನ ನಿಲುವು ಸಂದಿಗೆ ಅಂಟು ತುಂಬದೆ ಹಾಗೆಯೇ ಬಿಟ್ಟು ಮೇಲೇರುವ ಗೌಂಡಿಗಳೇ ಹೆಚ್ಚು. ಗಾಳಿಯನ್ನು ನಿಜವಾಗಿ ತಡೆಯುವುದು ಒಳಬದಿಯ ಗಿಲಾವು. ಅದು ನೆಲದಿಂದ ಚಾವಣಿಯವರೆಗೆ ಎಲ್ಲಿಯೂ ಕಡಿಯದೆ ಹೋಗಬೇಕು. ಸ್ಕರ್ಟಿಂಗ್ ಕಲ್ಲಿನ ಹಿಂದೆ, ಫಾಲ್ಸ್ ಸೀಲಿಂಗ್‌ನ ಮೇಲೆ, ಕಿಟಕಿಯ ಬದಿಯಲ್ಲಿ, ಹೀಗೆ ಕಣ್ಣಿಗೆ ಕಾಣದ ಜಾಗಗಳಲ್ಲೆಲ್ಲ ಗಿಲಾವನ್ನು ಬಿಟ್ಟುಬಿಡುವ ರೂಢಿ ನಮ್ಮಲ್ಲಿದೆ. ಕಾಂಕ್ರೀಟ್ ಕಂಬಕ್ಕೂ ಬ್ಲಾಕಿಗೂ ಸೇರುವ ಕಡೆ ಜಾಲರಿ ಬಡಿಯದಿದ್ದರೆ ಮೊದಲ ಬೇಸಿಗೆಯಲ್ಲಿಯೇ ಉದ್ದನೆಯ ಬಿರುಕು ಬೀಳುತ್ತದೆ. ಈ ವಿಷಯದಲ್ಲಿ ನಮ್ಮ ಗೌಂಡಿ ಬುದ್ಧಿವಂತ. ಹೇಳುವ ಮೊದಲೇ ಜಾಲರಿ ತರಿಸಿದ್ದರು.

ಇನ್ನು ಗಾಜು. ನಮ್ಮದು 6 ಮಿಲಿಮೀಟರ್ ಹೊರಗಾಜು, 12 ಮಿಲಿಮೀಟರ್ ಒಣಗಾಳಿಯ ಪದರ ಮತ್ತು 5 ಮಿಲಿಮೀಟರ್ ಒಳಗಾಜು ಸೇರಿದ ಜೋಡಣೆ. ಒಂಟಿ ಗಾಜಿನ ಯು ಮೌಲ್ಯ ಸುಮಾರು 5.7 ಇದ್ದರೆ ಬರಿಯ ಎರಡು ಪದರ ಗಾಜಿಗೆ ಸುಮಾರು 2.8, ಲೋ-ಇ ಎಂಬ, ಶಾಖವನ್ನು ಪ್ರತಿಫಲಿಸುವ ತೆಳು ಲೇಪನವಿರುವುದಕ್ಕೆ ಸುಮಾರು 1.8. ಅಂಗಡಿಯವರು ಈ ಅಂಕಿಗಳನ್ನು ಉತ್ಸಾಹದಿಂದ ಹೇಳುತ್ತಾರೆ. ಅವರು ಹೇಳದಿರುವುದು ಇನ್ನೊಂದು ಅಂಕಿಯನ್ನು. ನೇರ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂದು ನೋಡಿದರೆ, ಲೇಪನವಿಲ್ಲದ ಒಂಟಿ ಗಾಜಿನಲ್ಲಿ ಹತ್ತರಲ್ಲಿ ಎಂಟು ಪಾಲು ಬಂದರೆ ಲೇಪನವಿಲ್ಲದ ಎರಡು ಪದರದಲ್ಲಿಯೂ ಏಳು ಪಾಲು ಬರುತ್ತದೆ. ಅಂದರೆ ಬಿಸಿಲ ನಾಡಿನಲ್ಲಿ ಪಶ್ಚಿಮದ ಕಿಟಕಿಗೆ ಬರಿಯ ಎರಡು ಗಾಜು ಹಾಕಿಸಿದರೆ ಖರ್ಚು ಹೆಚ್ಚುತ್ತದೆಯೇ ಹೊರತು ಬಿಸಿಲು ನಿಲ್ಲುವುದಿಲ್ಲ. ಬಿಸಿಲನ್ನು ತಡೆಯುವ ಲೇಪನವಿರಬೇಕು, ಅದೂ ಹೊರಗಾಜಿನ ಒಳಮೈಗೆ ಇರಬೇಕು. ಅದರ ಮೇಲೆ ಸಜ್ಜಾ ಅಥವಾ ಹೊರಪರದೆಯ ನೆರಳೂ ಬೇಕು.

ಲೇಪನವಿದೆಯೇ, ಇದ್ದರೆ ಯಾವ ಮೈಗಿದೆ ಎಂಬುದನ್ನು ಪರೀಕ್ಷಿಸುವುದು ಸುಲಭ. ಕತ್ತಲಾದ ಮೇಲೆ ಗಾಜಿನ ಮುಂದೆ ಲೈಟರಿನ ಜ್ವಾಲೆ ಹಿಡಿದು ಓರೆಯಾಗಿ ನೋಡಿದರೆ ಗಾಜಿನ ನಾಲ್ಕು ಮೈಗಳಿಂದ ನಾಲ್ಕು ಪ್ರತಿಬಿಂಬಗಳು ಒಂದರ ಹಿಂದೊಂದು ಕಾಣುತ್ತವೆ. ಅವುಗಳಲ್ಲಿ ಒಂದರ ಬಣ್ಣ ಮಾತ್ರ ಬೇರೆಯಾಗಿರುತ್ತದೆ. ಲೇಪನವಿರುವುದು ಆ ಮೈಗೆ. ಹೊರಗಿನಿಂದ ಎಣಿಸಿದಾಗ ಅದು ಎರಡನೆಯದಾಗಿರಬೇಕು. ನಮ್ಮ ಕಿಟಕಿಗಳಲ್ಲಿ ಒಂದನ್ನು ತಿರುಗುಮುರುಗಾಗಿ ಕೂರಿಸಿದ್ದರು, ಲೇಪನ ಮೂರನೆಯ ಮೈಗೆ ಬಂದಿತ್ತು. ಮಾರಾಟಗಾರರು ಮೊದಲು ನಕ್ಕರು, ಪ್ರತಿಬಿಂಬ ತೋರಿಸಿದ ಮೇಲೆ ಬದಲಾಯಿಸಿಕೊಟ್ಟರು.

ಚೌಕಟ್ಟಿನ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಖಚಿತ. ಗಾಳಿ ಮತ್ತು ದೂಳು ಬರಬಾರದು ಎನ್ನುವವರು ಸರಿಯುವ ಕಿಟಕಿಯನ್ನು ಬಿಟ್ಟು ಕದ ತೆರೆಯುವ ಕಿಟಕಿಯನ್ನೇ ಕೊಳ್ಳಬೇಕು. ಸರಿಯುವ ಕಿಟಕಿಯಲ್ಲಿ ಸಂದಿಯನ್ನು ಮುಚ್ಚುವುದು ಬ್ರಷ್ಷಿನಂಥ ನಾರಿನ ಪಟ್ಟಿ. ಕದ ಸರಿಯಬೇಕಾದ್ದರಿಂದ ಅದು ಸಡಿಲವಾಗಿಯೇ ಇರಬೇಕು. ಕದ ತೆರೆಯುವ ಕಿಟಕಿಯಲ್ಲಿ ಹಿಡಿ ತಿರುಗಿಸಿದೊಡನೆ ಅಂಚಿನ ಹಲವು ಕಡೆ ಕೊಂಡಿಗಳು ಬಿದ್ದು, ಕದವು ಇಪಿಡಿಎಂ ರಬ್ಬರಿನ ಮೇಲೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಕಾಗದದ ಚೂರೊಂದನ್ನು ಸಂದಿಯಲ್ಲಿಟ್ಟು ಕಿಟಕಿ ಮುಚ್ಚಿ ಎಳೆದು ನೋಡಿ. ಸರಾಗವಾಗಿ ಬಂದರೆ ಆ ಜಾಗದ ಕೊಂಡಿಯನ್ನು ಬಿಗಿ ಮಾಡಿಸಬೇಕು. ಹೊರಕ್ಕೆ ತೆರೆಯುವ ಕದಕ್ಕೆ ಕಬ್ಬಿಣದ ಸರಳೂ ಸೊಳ್ಳೆ ಪರದೆಯೂ ಒಳಗೆ ಬರುತ್ತವೆ, ಹೊರಗಾಜನ್ನು ಒರೆಸುವುದು ಕಷ್ಟವಾಗುತ್ತದೆ. ಒಳಕ್ಕೆ ತೆರೆದರೆ ಒರೆಸುವುದು ಸುಲಭ, ಪರದೆಯ ಬಟ್ಟೆ ಮಾತ್ರ ಪ್ರತಿಸಲ ಸಿಕ್ಕಿಕೊಳ್ಳುತ್ತದೆ. ನಾವು ಎರಡನೆಯದನ್ನು ಆರಿಸಿಕೊಂಡೆವು. ಬೀದಿಯ ಸದ್ದು ಸಾಕಷ್ಟು ತಗ್ಗಿದೆ, ಆದರೆ ಮದುವೆ ಮೆರವಣಿಗೆಯ ಡಿಜೆಯನ್ನು ತಡೆಯುವ ಗಾಜು ಇನ್ನೂ ತಯಾರಾದಂತಿಲ್ಲ.

ಈಗ ಸಂದಿಯ ವಿಷಯ. ನಮಗೆ ಕಿಟಕಿ ಮಾರಿದ ಸ್ಥಳೀಯ ವ್ಯಾಪಾರಿ ಕಳಿಸಿದ ಕೆಲಸಗಾರರು ಚೌಕಟ್ಟನ್ನು ನಿಲ್ಲಿಸಿ, ನಾಲ್ಕು ಮೂಲೆಗೆ ಸ್ಕ್ರೂ ಹಾಕಿ, ಸುತ್ತಲಿನ ಸಂದಿಗೆ ಸಿಮೆಂಟ್ ಮೆತ್ತಿ, ಮೇಲೆ ಬಿಳಿ ಸಿಲಿಕೋನ್ ಎಳೆದು ಹೋದರು. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಆದರೆ ಯುಪಿವಿಸಿ ಬಿಸಿಗೆ ಹಿಗ್ಗುವ ವಸ್ತು. ಎರಡು ಮೀಟರ್ ಉದ್ದದ ಪಟ್ಟಿ 30 ಡಿಗ್ರಿ ಏರಿಳಿತಕ್ಕೆ ಮೂರು, ನಾಲ್ಕು ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಅದರೊಂದಿಗೆ ಚಲಿಸುವುದಿಲ್ಲ. ಮಾರ್ಚ್ ಮುಗಿಯುವುದರೊಳಗೆ ಸಿಲಿಕೋನ್‌ನ ಅಡಿಯಲ್ಲಿ ಕೂದಲೆಳೆಯ ಬಿರುಕು ಬಿಟ್ಟು, ಅದರ ಗುಂಟ ಒಳಗಿನ ಗಿಲಾವಿನ ಮೇಲೆ ಕಂದು ದೂಳಿನ ಗೆರೆ ಮೂಡಿತು. ಫ್ಯಾನ್ ಆರಿಸಿ, ಕೋಣೆಗೆ ಸೇರಿದ ಬಚ್ಚಲಿನ ಎಕ್ಸಾಸ್ಟ್ ಫ್ಯಾನನ್ನು ಚಾಲೂ ಮಾಡಿ, ಊದುಬತ್ತಿಯನ್ನು ಚೌಕಟ್ಟಿನ ಸುತ್ತ ನಿಧಾನವಾಗಿ ಒಯ್ದಾಗ, ನೇರವಾಗಿ ಮೇಲೇರುತ್ತಿದ್ದ ಹೊಗೆ ಕೆಳಗಿನ ಎಡಮೂಲೆಯಲ್ಲಿ ಥಟ್ಟನೆ ಕೋಣೆಯ ಒಳಕ್ಕೆ ಬಾಗಿತು. ಹೊರದೇಶಗಳಲ್ಲಿ ಇದಕ್ಕೇ ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ, 50 ಪಾಸ್ಕಲ್ ಒತ್ತಡದ ಅಂತರದಲ್ಲಿ ಸೋರಿಕೆಯನ್ನು ಅಳೆಯುತ್ತಾರೆ. ಜರ್ಮನಿಯಲ್ಲಿ ಹುಟ್ಟಿದ ಪ್ಯಾಸಿವ್ ಹೌಸ್ ಮಾನದಂಡದ ಪ್ರಕಾರ ಆ ಒತ್ತಡದಲ್ಲಿಯೂ ಗಂಟೆಗೆ ಮನೆಯ ಗಾಳಿಯ 0.6 ಪಟ್ಟಿಗಿಂತ ಹೆಚ್ಚು ಸೋರುವಂತಿಲ್ಲ. ನಮಗೆ ಅಷ್ಟರ ಅಗತ್ಯವಿಲ್ಲ, ಊದುಬತ್ತಿ ಸಾಕು.

ವ್ಯಾಪಾರಿ ಮೊದಲು ಗೌಂಡಿಯನ್ನು ದೂರಿದರು, ಗೌಂಡಿ ವ್ಯಾಪಾರಿಯನ್ನು ದೂರಿದರು. ಕೊನೆಗೆ ಬೇರೊಬ್ಬ ಅನುಭವಿ ಕೆಲಸಗಾರರಿಂದ ಸಿಮೆಂಟನ್ನು ಕೆತ್ತಿಸಿ, ಸಂದಿಯನ್ನು ಒರೆಸಿ, ನೀರು ಚಿಮುಕಿಸಿ, ಪಾಲಿಯುರೆಥೇನ್ ನೊರೆ ತುಂಬಿಸಿದೆವು. ನೊರೆ ಗಟ್ಟಿಯಾದ ಮೇಲೆ ಹೊರಚಾಚಿದ ಭಾಗವನ್ನು ಕತ್ತರಿಸಿ, ಹೊರಗೂ ಒಳಗೂ ಹಿಗ್ಗಬಲ್ಲ ಸೀಲೆಂಟ್ ಎಳೆಯಬೇಕು. ಬಿಸಿಲಿಗೆ ಬರಿಮೈ ಬಿಟ್ಟ ನೊರೆ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಆಮೇಲೆ ಅದೇ ಮೂಲೆಯಲ್ಲಿ ಹೊಗೆ ಅಲುಗಲಿಲ್ಲ. ಇನ್ನೊಂದು ಎಚ್ಚರಿಕೆ: ಚೌಕಟ್ಟಿನ ಕೆಳಪಟ್ಟಿಯಲ್ಲಿ ಹೊರಗೆ ಕಾಣುವ ಸಣ್ಣ ತೂತುಗಳು ಮಳೆನೀರು ಹೊರಹೋಗುವುದಕ್ಕಾಗಿ ಇರುತ್ತವೆ. ಬಣ್ಣ ಬಳಿಯುವವರು ಅವನ್ನು ದೋಷವೆಂದು ತಿಳಿದು ಪುಟ್ಟಿಯಿಂದ ಮುಚ್ಚಿಬಿಡುತ್ತಾರೆ, ಮೊದಲ ಜೋರು ಮಳೆಗೆ ನೀರು ಒಳಗೆ ಉಕ್ಕುತ್ತದೆ.

ಬಾಗಿಲಿಗೆ ಬಂದರೆ, ನಮ್ಮ ಹಿರಿಯರ ಹೊಸ್ತಿಲು ಎಷ್ಟು ಉಪಯುಕ್ತ ಎಂಬುದು ಈಗ ತಿಳಿಯುತ್ತಿದೆ. ಹೊಸ್ತಿಲಿದ್ದರೆ ಕದವು ನಾಲ್ಕೂ ಕಡೆ ಒಂದು ಅಂಚಿಗೆ ಒತ್ತಿ ನಿಲ್ಲುತ್ತದೆ. ಹೊಸ್ತಿಲಿಲ್ಲದ ಇಂದಿನ ಬಾಗಿಲುಗಳಲ್ಲಿ ಕೆಳಗೆ ಅರ್ಧ ಅಂಗುಲದ ಸಂದಿ ಉಳಿದು, ತಂಪು ಗಾಳಿ ಭಾರವಾದ್ದರಿಂದ ಅಲ್ಲಿಂದಲೇ ಹರಿದುಹೋಗುತ್ತದೆ. ಒಂದು ಕೋಣೆಗೆ ತಗ್ಗಾದ ಕಲ್ಲಿನ ಹೊಸ್ತಿಲು ಇಡಿಸಿದೆವು. ಮಂಡಿನೋವಿನ ಅಮ್ಮ ಮಲಗುವ ಕೋಣೆಗೆ ಮಾತ್ರ, ಕದ ಮುಚ್ಚಿದಾಗ ತಾನಾಗಿ ಕೆಳಗಿಳಿಯುವ ರಬ್ಬರ್ ಪಟ್ಟಿ ಹಾಕಿಸಿದೆವು. ಎರಡೂ ಚೆನ್ನಾಗಿ ಕೆಲಸ ಮಾಡುತ್ತಿವೆ, ಹೊಸ್ತಿಲು ಅಗ್ಗ. ಊದುಬತ್ತಿಯ ಪರೀಕ್ಷೆಯಲ್ಲಿ ಕಂಡ ದೊಡ್ಡ ಅಚ್ಚರಿ ಸ್ವಿಚ್ ಬೋರ್ಡಿನದು. ಗೋಡೆಯೊಳಗಿನ ವೈರಿನ ಕೊಳವೆ ಮೇಲೆ ತೆರೆದ ತಾರಸಿಗೆ ಹೋಗಿದ್ದರಿಂದ ಬಿಸಿಗಾಳಿ ಪ್ಲಗ್ಗಿನ ತೂತುಗಳಿಂದಲೇ ಬರುತ್ತಿತ್ತು. ಕೊಳವೆಯ ಬಾಯಿಗೆ ಸೀಲೆಂಟ್ ತುಂಬಿದ ಮೇಲೆ ನಿಂತಿತು.

ಗಾಳಿಯನ್ನು ಇಷ್ಟು ತಡೆದ ಮೇಲೆ ಬೇಕಾದ ಗಾಳಿಯನ್ನು ಒಳಗೆ ತರುವ ದಾರಿಯೂ ಇರಬೇಕು. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡುತ್ತದೆ, ಹೊರಗಿನ ಗಾಳಿಯನ್ನು ತರುವುದಿಲ್ಲ. ಇಬ್ಬರು ಮಲಗಿದ ಕೋಣೆ ಬೆಳಗಿನ ಹೊತ್ತಿಗೆ ಉಸಿರು ಕಟ್ಟಿದಂತಾಗಿ, ತಲೆ ಭಾರವಾಗುತ್ತಿತ್ತು. ಈಗ ಮಲಗುವಾಗ ಕಿಟಕಿಯ ಮೇಲಂಚನ್ನು ಒಂದಿಷ್ಟೇ ಓರೆಯಾಗಿ ತೆರೆದಿಡುತ್ತೇವೆ, ನಸುಕಿನಲ್ಲಿ ಎಸಿ ಆರಿಸಿ ಎಲ್ಲವನ್ನೂ ತೆರೆಯುತ್ತೇವೆ. ಗ್ಯಾಸ್ ಗೀಸರ್ ಇರುವ ಬಚ್ಚಲನ್ನಂತೂ ಎಂದಿಗೂ ಹೀಗೆ ಬಿಗಿ ಮಾಡಬಾರದು. ಗಾಳಿಯಿಲ್ಲದ ಬಚ್ಚಲಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವ ಹೋದ ಸುದ್ದಿಗಳು ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಅಡುಗೆಮನೆಗೂ ಇದೇ ಮಾತು. 2018ರಲ್ಲಿ ಕೇಂದ್ರ ಸರ್ಕಾರ ವಸತಿ ಕಟ್ಟಡಗಳಿಗಾಗಿ ಹೊರತಂದ ಇಕೋ ನಿವಾಸ್ ಸಂಹಿತೆ ಕೂಡ ಶಾಖ ತಡೆಯಿರಿ ಎನ್ನುವುದರ ಜೊತೆಗೆ, ತೆರೆಯಬಲ್ಲ ಕಿಟಕಿ, ಬಾಗಿಲುಗಳ ವಿಸ್ತೀರ್ಣವು ಬಿಸಿ ಒಣಹವೆಯ ವಲಯದಲ್ಲಿ ನೆಲದ ಶೇಕಡಾ 10ರಷ್ಟು, ಬೆಚ್ಚನೆಯ ತೇವದ ವಲಯದಲ್ಲಿ ಶೇಕಡಾ 16.66ರಷ್ಟಾದರೂ ಇರಬೇಕು ಎನ್ನುತ್ತದೆ. ಎಸಿ ಇಲ್ಲದ ಮಂಗಳೂರಿನ ಮನೆಗೆ ನಮ್ಮ ಈ ಏರ್ಪಾಡು ಶಿಕ್ಷೆಯೇ ಆದೀತು. ಅಲ್ಲಿ ಬೇಕಾಗಿರುವುದು ಬೀಸುಗಾಳಿ.

ಖರ್ಚಿನ ಲೆಕ್ಕ. ನಮಗೆ ಬಂದ ದರಪಟ್ಟಿಗಳಲ್ಲಿ ಲೇಪನದ ಎರಡು ಪದರ ಗಾಜಿನ ಕಿಟಕಿಗೆ ಒಂಟಿ ಗಾಜಿನ ಸರಿಯುವ ಕಿಟಕಿಯ ಹೆಚ್ಚುಕಡಿಮೆ ಎರಡು ಪಟ್ಟು ಬೆಲೆಯಿತ್ತು. ಎಸಿ 24 ಡಿಗ್ರಿಯಲ್ಲಿದ್ದಾಗ ಮೊದಲಿಗಿಂತ ಬೇಗ ಕೋಣೆ ತಣಿಯುತ್ತದೆ, ಯಂತ್ರ ನಿಂತು ನಿಂತು ಓಡುತ್ತದೆ. ಗೃಹಜ್ಯೋತಿಯ ನಿಯಮದಂತೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾದ್ದರಿಂದ ಈ ಉಳಿತಾಯಕ್ಕೆ ಬೆಲೆಯಿದೆ. ಏಪ್ರಿಲ್‌ನಲ್ಲಿ ನಾವು ಆ ಗೆರೆಯ ಒಳಗೇ ಉಳಿದೆವು, ಮೇ ತಿಂಗಳಲ್ಲಿ ದಾಟಿದೆವು. ದಾಟಲು ಕಾರಣ ಚಾವಣಿ. ಬಿಸಿಲಿಗೆ ಬರಿಮೈ ಬಿಟ್ಟ ಕಾಂಕ್ರೀಟ್ ಚಾವಣಿಯ ಯು ಮೌಲ್ಯ 3ನ್ನೂ ಮೀರುತ್ತದೆ, ಸಂಹಿತೆ ಬಯಸುವುದು 1.2. ಬಿಳಿಯ ಪ್ರತಿಫಲಕ ಬಣ್ಣ ಬಳಿಸಿದ್ದೇವೆ, ಉಷ್ಣನಿರೋಧಕ ಪದರ ಇನ್ನೂ ಹಾಕಿಸಬೇಕಿದೆ. ದುಡ್ಡು ಸೀಮಿತವಾಗಿದ್ದರೆ ಚಾವಣಿಗೆ ಮೊದಲ ಪಾಲು, ಪಶ್ಚಿಮದ ಕಿಟಕಿಯ ನೆರಳಿಗೆ ಎರಡನೆಯದು, ಗಾಜಿಗೆ ಅದರ ನಂತರದ್ದು. ಎಸಿ ಇಲ್ಲದ ಕೋಣೆಗಳಿಗೆ ಈ ದುಬಾರಿ ಗಾಜು ಬೇಕಿಲ್ಲ.

ಕೊಳ್ಳುವವರು ಖಾತರಿಯ ಕಾಗದವನ್ನು ಮೂರು ಭಾಗವಾಗಿ ಓದಬೇಕು. ಎರಡು ಗಾಜುಗಳ ನಡುವೆ ಮಂಜು ಕಟ್ಟಿದರೆ ಅಂಚಿನ ಸೀಲ್ ಸೋತಿದೆ ಎಂದರ್ಥ, ಆ ಗಾಜನ್ನು ಬದಲಾಯಿಸದೆ ಬೇರೆ ದಾರಿಯಿಲ್ಲ. ಅದಕ್ಕೆ ಎಷ್ಟು ವರ್ಷ, ಚೌಕಟ್ಟಿನ ಬಣ್ಣಕ್ಕೆ ಎಷ್ಟು, ಹಿಡಿ ಮತ್ತು ಕೊಂಡಿಗಳಿಗೆ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಅದರ ಕೆಳಗೆ, ಸಂದಿಗೆ ಯಾವ ನೊರೆ, ಯಾವ ಸೀಲೆಂಟ್, ಯಾರು ತುಂಬುತ್ತಾರೆ ಎಂಬ ಒಂದು ಸಾಲನ್ನು ಸೇರಿಸಿ ಸಹಿ ಹಾಕಿಸಿಕೊಂಡು, ಊದುಬತ್ತಿಯ ಹೊಗೆ ಅಲುಗದಿರುವುದನ್ನು ನೋಡಿದ ಮೇಲೆ ಕೊನೆಯ ಕಂತನ್ನು ಕೊಡಿ.