ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಪೋರ್ಟಲ್: ಸೆಕೆಂಡ್ ಪಿಯುಸಿ ಮಕ್ಕಳ ಮನೆಯವರು ಓದಲೇಬೇಕಾದ ರಿವ್ಯೂ

ಎಸ್‌ಎಸ್‌ಪಿ ಅಂದರೆ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್, ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವ ವೆಬ್‌ಸೈಟ್. ಅದಕ್ಕೆ ನಾನು ಕೊಡುವುದು ಐದಕ್ಕೆ ಮೂರೂವರೆ ಸ್ಟಾರ್. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಆದರೆ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕಾಲರ್‌ಶಿಪ್ ದುಡ್ಡು ಬರಲಿಲ್ಲ ಅಂದರೆ ಎಷ್ಟೋ ಸಲ ತೊಂದರೆ ಅರ್ಜಿಯಲ್ಲಿ ಇರುವುದಿಲ್ಲ, ಅರ್ಜಿಗೂ ಮೊದಲಿನ ಕಾಗದಪತ್ರದಲ್ಲಿ ಇರುತ್ತದೆ.

ನನ್ನ ತಂಗಿ ಗುಳೇದಗುಡ್ಡದಲ್ಲಿ ಸೆಕೆಂಡ್ ಪಿಯುಸಿ ಮುಗಿಸಿ ಬಾಗಲಕೋಟೆಯಲ್ಲಿ ಬಿಎಸ್ಸಿಗೆ ಸೇರಿದಳು. ಮನೆಯಲ್ಲಿ ಖಣದ ಮಗ್ಗ ಇದೆ, ಅಪ್ಪನ ದುಡಿಮೆ ಒಂದೇ. ಫೀಸು, ಬಸ್ ಪಾಸು, ಪುಸ್ತಕ ಎಲ್ಲಾ ಸೇರಿದರೆ ಸಣ್ಣ ಮೊತ್ತ ಅಲ್ಲ. ಹಾಗಾಗಿ ಸ್ಕಾಲರ್‌ಶಿಪ್ ಬೇಕೇ ಬೇಕಿತ್ತು, ಅರ್ಜಿ ಕೆಲಸ ಪೂರ್ತಿ ನಾನೇ ನೋಡಿಕೊಂಡೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಎಸ್‌ಎಸ್‌ಪಿ ಬಂದಿದ್ದು ನಿಜಕ್ಕೂ ದೊಡ್ಡ ಉಪಕಾರ. ಮೆಟ್ರಿಕ್ ನಂತರದ ಅರ್ಜಿಗಳು 2019-20ರಿಂದ ಇದರಲ್ಲೇ ನಡೆಯುತ್ತಿವೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಅಂತ ಒಂದೊಂದು ಇಲಾಖೆಗೂ ಬೇರೆ ಬೇರೆ ಅರ್ಜಿ ಬರೆಯುವ ಗೋಳಿಲ್ಲ. ಒಂದೇ ಅರ್ಜಿ ಹಾಕಿದರೆ ಸಾಕು, ನಿಮ್ಮ ಜಾತಿ, ಆದಾಯ, ಕೋರ್ಸ್ ನೋಡಿ ಯಾವ ಯೋಜನೆಗೆ ಸಲ್ಲುತ್ತೀರಿ ಅನ್ನೋದನ್ನು ಅಲ್ಲೇ ನೋಡುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಿದರೆ ನಾಡಕಚೇರಿಯ ಮಾಹಿತಿ ತಾನೇ ಬರುತ್ತದೆ. ಅರ್ಜಿಗೆ ಸರ್ಕಾರದ ಕಡೆಯಿಂದ ಒಂದು ರೂಪಾಯಿ ಫೀಸೂ ಇಲ್ಲ.

ಹಿಂದುಳಿದ ವರ್ಗದ ಮಕ್ಕಳು ಸರ್ಕಾರಿ ಹಾಸ್ಟೆಲ್ ಸಿಗದೆ ರೂಮ್ ಮಾಡಿಕೊಂಡಿದ್ದರೆ ವಿದ್ಯಾಸಿರಿಯನ್ನು ಬಿಡಬೇಡಿ. ಊಟ, ವಸತಿಗೆ ಅಂತ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು, ಅಂದರೆ ವರ್ಷಕ್ಕೆ 15,000 ಕೊಡುತ್ತಿದ್ದರು, ಈ ವರ್ಷ ಎಷ್ಟು ಅಂತ ಕೇಳಿಕೊಳ್ಳಿ. ಬಾಗಲಕೋಟೆಯ ನವನಗರ, ವಿದ್ಯಾಗಿರಿ ಕಡೆ ರೂಮ್ ಹಿಡಿದು ಓದುವ ಹಳ್ಳಿ ಹುಡುಗರಿಗೆ ಅದು ಎಷ್ಟು ಆಸರೆ ಅಂತ ಅವರ ಮನೆಯವರಿಗೇ ಗೊತ್ತು.

ರೈತರ ಮಕ್ಕಳಿಗೆ ಕೊಡುವ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ 2021ರಲ್ಲಿ ಶುರುವಾಯಿತು. ಆಗ ಪಿಯುಸಿಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000, ಬಿಎ, ಬಿಎಸ್ಸಿ, ಬಿಕಾಂಗೆ 5,000 ಮತ್ತು 5,500 ಅಂತ ಇಟ್ಟಿದ್ದರು. ಅಪ್ಪ ಅವ್ವನ ಹೆಸರಲ್ಲಿ ಹೊಲ ಇದ್ದವರು ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರ್) ಮಾಡಿಸಿಟ್ಟುಕೊಳ್ಳಿ. ಆಮೇಲೆ ಇದನ್ನು ನೇಕಾರರ ಮಕ್ಕಳಿಗೂ ವಿಸ್ತರಿಸಿದರು. ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆಯವರು ಈ ವರ್ಷ ಹೇಗಿದೆ ಅಂತ ಕಾಲೇಜಿನಲ್ಲಿ, ಜವಳಿ ಇಲಾಖೆಯಲ್ಲಿ ಕೇಳಿ ನೋಡಿ. ಕೇಳುವುದಕ್ಕೆ ಏನೂ ಸಂಕೋಚ ಬೇಡ.

ಇನ್ನು ಒಂದೂವರೆ ಸ್ಟಾರ್ ಯಾಕೆ ಕಡಿಮೆ? ಈ ಪೋರ್ಟಲ್ ಎಲ್ಲಾ ಕಾಗದ ಸರಿ ಇರುವವರಿಗೆ ಮಾಡಿದ ಹಾಗಿದೆ. ನಮ್ಮ ಕಡೆ ಯಾರ ಕಾಗದ ಪೂರ್ತಿ ಸರಿ ಇರುತ್ತೆ ಹೇಳಿ? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರಿನ ಒಂದೇ ಅಕ್ಷರ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಅಡ್ಡಹೆಸರು ಬೇರೆ. ಆದಾಯ ಪ್ರಮಾಣಪತ್ರದಲ್ಲಿ ಮೂರನೇ ತರ. ಹುಡುಗಿ ಒಬ್ಬಳೇ, ಹೆಸರು ಮೂರು ನಮೂನೆ. ಇದನ್ನು ಸೆಕೆಂಡ್ ಪಿಯುಸಿ ಓದುವಾಗಲೇ ಸರಿ ಮಾಡಿಸಬೇಕು. ಅರ್ಜಿ ಶುರುವಾದ ಮೇಲೆ ಆಧಾರ್ ಸೆಂಟರ್ ಮುಂದೆ ಪಾಳಿ ಹಚ್ಚಿದರೆ ಬಹಳ ಕಷ್ಟ.

ಎರಡನೆಯದು ಬ್ಯಾಂಕ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಜಾಸ್ತಿ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. ದುಡ್ಡು ಬರುವುದು ಡಿಬಿಟಿಯಲ್ಲಿ (ಸರ್ಕಾರ ನೇರವಾಗಿ ಖಾತೆಗೆ ಹಾಕುವುದು), ಅಂದರೆ ಆಧಾರ್ ನಂಬರ್ ಯಾವ ಖಾತೆಗೆ ಸೀಡ್ (ಜೋಡಣೆ) ಆಗಿದೆಯೋ ಆ ಖಾತೆಗೆ. ನಮ್ಮ ಊರಿನ ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಐತಿ, ಏನೂ ಚಿಂತಿ ಇಲ್ರಿ" ಅಂತ ಹೇಳಿ ಕಳಿಸಿದರು. ಲಿಂಕ್ ಇತ್ತು, ನಿಜ. ಆದರೆ ಅದು ಕೆವೈಸಿಗೆ, ಅಂದರೆ ಗುರುತು ಖಾತ್ರಿ ಮಾಡಿಕೊಳ್ಳುವುದಕ್ಕೆ ಮಾತ್ರ. ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗಬೇಕು ಅನ್ನುವ ಎನ್‌ಪಿಸಿಐ ಮ್ಯಾಪಿಂಗ್ ಬೇರೆ ಖಾತೆಗೆ ಇತ್ತು, ಸಿಮ್ ತಗೊಳ್ಳುವಾಗ ಯಾರೋ ತೆರೆದುಕೊಟ್ಟ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ! ಸದ್ಯ, ಅರ್ಜಿಗೆ ಮೊದಲೇ ಗೊತ್ತಾಯಿತು. ಮೈ ಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಯಾವ ಬ್ಯಾಂಕಿಗೆ ಹೊಂದಿಕೊಂಡಿದೆ ಅಂತ ಅಲ್ಲೇ ಕಾಣುತ್ತದೆ. ಬೇರೆ ಬ್ಯಾಂಕ್ ತೋರಿಸಿದರೆ ನಿಮ್ಮ ಬ್ಯಾಂಕಿಗೆ ಹೋಗಿ ಡಿಬಿಟಿಗೆ ಆಧಾರ್ ಸೀಡಿಂಗ್ ಫಾರ್ಮ್ ಕೇಳಿ, ಸಹಿ ಮಾಡಿ ಕೊಡಿ. ದುಡ್ಡು ಜಮಾ ಆಯಿತೋ ಇಲ್ಲವೋ ಅನ್ನುವುದಕ್ಕೆ ಡಿಬಿಟಿ ಕರ್ನಾಟಕ ಆ್ಯಪ್ ಇದೆ, ಅದು ಚೆನ್ನಾಗಿದೆ.

ಅರ್ಜಿ ತುಂಬಿಸಲು ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆವು. ಅಲ್ಲಿಯ ಹುಡುಗ ತನ್ನದೇ ಮೊಬೈಲ್ ನಂಬರ್ ಹೊಡೆಯಲು ಶುರು ಮಾಡಿದ. "ಓಟಿಪಿ ಲಗೂ ಬರ್ತೈತ್ರಿ ಅಕ್ಕಾರ, ನಮ್ಮ ನಂಬರೇ ಇರ್ಲಿ" ಅಂದ. "ಬ್ಯಾಡ್ರಿ ಅಣ್ಣಾ, ನಮ್ದ ಹಾಕ್ರಿ" ಅಂತ ಅಲ್ಲೇ ತಡೆದೆ. ದಯವಿಟ್ಟು ನೀವೂ ತಡೆಯಿರಿ. ಅವರ ನಂಬರ್ ಹಾಕಿದರೆ ಪಾಸ್‌ವರ್ಡ್, ಮೆಸೇಜ್ ಎಲ್ಲಾ ಅವರ ಕೈಗೆ ಹೋಗುತ್ತದೆ, ಏನು ತಿಳಿಯಬೇಕಾದರೂ ಮತ್ತೆ ಅವರ ಅಂಗಡಿಗೇ ಹೋಗಬೇಕು. ಐಡಿ, ಪಾಸ್‌ವರ್ಡ್ ನಿಮ್ಮ ಮನೆಯ ಡೈರಿಯಲ್ಲಿ ಬರೆದಿಡಿ.

ದಾಖಲೆಗಳ ಇ-ಅಟೆಸ್ಟೇಷನ್‌ಗೆ (ಆನ್‌ಲೈನ್ ದೃಢೀಕರಣಕ್ಕೆ) ಕಾಲೇಜಿನಲ್ಲಿ ಒಬ್ಬ ಅಧಿಕಾರಿ ಇರುತ್ತಾರೆ. ಮೂಲ ಪ್ರತಿ ತಗೊಂಡು ಬೇಗ ಹೋಗಿ, ಕೊನೆಯ ವಾರ ಅವರ ಮುಂದೆ ಇಡೀ ಕಾಲೇಜು ನಿಂತಿರುತ್ತದೆ.

ಇದರ ಜೊತೆಗೆ ಕೇಂದ್ರದ ಎನ್‌ಎಸ್‌ಪಿಯನ್ನೂ (ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್) ನೋಡಿ. ಅಲ್ಲಿ ಪಿಯುಸಿ ಅಂಕದ ಮೇಲೆ ಡಿಗ್ರಿಗೆ ವರ್ಷಕ್ಕೆ 12,000 ಕೊಡುವ ಯೋಜನೆ ಇದೆ. ಮನೆಯ ಆದಾಯ 4.5 ಲಕ್ಷದೊಳಗೆ ಇರಬೇಕು. 80 ಪರ್ಸೆಂಟೈಲ್ ಅಂತ ಇರುವುದನ್ನು ನೋಡಿ ಬಹಳ ಮಕ್ಕಳು 80 ಪರ್ಸೆಂಟ್ ಅಂಕ ಅಂತ ತಿಳಿದು ಸುಮ್ನೆ ಬಿಟ್ಟುಬಿಡುತ್ತಾರೆ. ಅದು ಬೋರ್ಡಿನ ಮೇಲಿನ ಐದನೇ ಒಂದು ಪಾಲಿನಲ್ಲಿ ಇರುವವರು ಅಂತ, ಅಂಕ ಎಷ್ಟಿರಬೇಕು ಅನ್ನೋದು ಪ್ರತಿ ವರ್ಷ ಬದಲಾಗುತ್ತದೆ. ಹತ್ತನೇ ಮತ್ತು ಪಿಯುಸಿ ಎರಡೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಕೂಡ ಇದೆ, ವರ್ಷಕ್ಕೆ 30,000 ರೂಪಾಯಿ. ಅದಕ್ಕೂ ಅರ್ಜಿ ಉಚಿತ. ನಿಮ್ಮ ಓಣಿಯ ಹುಡುಗಿಯರಿಗೆ ಇವತ್ತೇ ಹೇಳಿ.

ಇನ್ನೊಂದು. ಎಸ್‌ಎಸ್‌ಪಿಯಲ್ಲಿ ಒಂದು ವರ್ಷ ಹಾಕಿದ ಅರ್ಜಿ ಆ ವರ್ಷಕ್ಕೆ ಮಾತ್ರ. ಸೆಕೆಂಡ್ ಇಯರ್‌ಗೆ ಅದೇ ಐಡಿಯಲ್ಲಿ ಮತ್ತೆ ಹಾಕಬೇಕು, ಅಷ್ಟರಲ್ಲಿ ಆದಾಯ ಪ್ರಮಾಣಪತ್ರದ ಐದು ವರ್ಷ ಮುಗಿದಿದ್ದರೆ ಅದನ್ನೂ ಹೊಸದು ಮಾಡಿಸಿ.