ಮೀನಿನ ಕಣ್ಣು ಊದಿದಾಗ: ಎಪ್ಸಮ್ ಸಾಲ್ಟಾ, ನೀಲಿ ಔಷಧಿಯಾ, ಕಲ್ಲುಪ್ಪಾ, ಕ್ಯಾಪ್ಸೂಲಾ?

ಮೊದಲೇ ಹೇಳಿಬಿಡುತ್ತೇನೆ. ಒಂದು ಕಣ್ಣು ಊದಿಕೊಂಡ ಮೀನಿಗೆ ನನ್ನ ಆಯ್ಕೆ ಎಪ್ಸಮ್ ಸಾಲ್ಟ್, ಅಂದರೆ ಮ್ಯಾಗ್ನೀಷಿಯಂ ಸಲ್ಫೇಟ್. ಜೊತೆಗೆ ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹೊಸ ನೀರು. ₹150 ಆಸುಪಾಸಿನ ಒಂದು ಪ್ಯಾಕೆಟ್, 20 ಲೀಟರಿನ ಒಂದು ಬಿಳಿ ಟಬ್ಬು, ಏರ್ ಪಂಪಿಗೆ ಸಿಕ್ಕಿಸುವ ಸ್ಪಾಂಜ್ ಫಿಲ್ಟರ್. ಇಷ್ಟರಲ್ಲೇ ನಮ್ಮ ಓರಾಂಡಾ ಗೋಲ್ಡ್ ಫಿಶ್ ಗುಣವಾಯಿತು. ಅದಕ್ಕೂ ಮುಂಚೆ ಕೆಲವು ವರ್ಷಗಳಲ್ಲಿ ಬೇರೆ ಬೇರೆ ಮೀನುಗಳ ಮೇಲೆ ನೀಲಿ ಔಷಧಿ, ಕಲ್ಲುಪ್ಪು, ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಮೂರನ್ನೂ ನೋಡಿದ್ದೇನೆ. ಬೆಂಗಳೂರಿನ ಯಾವ ಅಕ್ವೇರಿಯಂ ಅಂಗಡಿಗೆ ಹೋದರೂ ಸಾಮಾನ್ಯವಾಗಿ ಇವುಗಳಲ್ಲೇ ಒಂದನ್ನು ಕೈಗಿಡುತ್ತಾರೆ. ಅದಕ್ಕೇ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ಔಷಧಿಗಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ನಮ್ಮ ಅಣ್ಣನ ಮಗಳು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವಳು. ಫೋನ್ ಮಾಡಿದ ತಕ್ಷಣ ಅವಳು ಕೇಳಿದ್ದು ಇಷ್ಟೇ: "ಅತ್ತೆ, ಒಂದು ಕಣ್ಣಾ, ಎರಡೂ ಕಣ್ಣಾ?" ಒಂದೇ ಕಣ್ಣಾದರೆ ಹೆಚ್ಚಾಗಿ ಪೆಟ್ಟು. ಎಲ್ಲೋ ಗುದ್ದಿಕೊಂಡಿರುತ್ತದೆ, ಇಲ್ಲವೇ ಬಲೆಯಲ್ಲಿ ಹಿಡಿಯುವಾಗ ತಾಗಿರುತ್ತದೆ. ಎರಡೂ ಕಣ್ಣು ಊದಿದ್ದರೆ ನೀರು ಕೆಟ್ಟಿದೆ ಅಥವಾ ಮೈಯೊಳಗೆ ಸೋಂಕು ಹರಡಿದೆ ಅಂತ ಅನುಮಾನಪಡಬೇಕು. ಹುರುಪೆಗಳೂ ನೆಟ್ಟಗೆ ಎದ್ದು ನಿಂತಿದ್ದರೆ ವಿಷಯ ಇನ್ನೂ ಗಂಭೀರ. ಕಣ್ಣು ಊದುವುದೇ ಒಂದು ರೋಗ ಅಲ್ಲ, ಬೇರೆ ಯಾವುದೋ ತೊಂದರೆಯ ಗುರುತು ಅದು. ಹಾಗಾಗಿ ಎಲ್ಲಕ್ಕೂ ಒಂದೇ ಔಷಧಿ ಅನ್ನುವ ಮಾತನ್ನು ನಂಬಬೇಡಿ. ಬ್ಲ್ಯಾಕ್ ಮೂರ್ ಅನ್ನುವ ಗೋಲ್ಡ್ ಫಿಶ್ ಸಾಕಿದವರು ಗಾಬರಿಪಡಬೇಕಿಲ್ಲ. ಅದರ ಕಣ್ಣು ಬೆಳೆಯುತ್ತಾ ಹಾಗೇ ಹೊರಗೆ ಬರುತ್ತದೆ.

ಬೋರ್ ನೀರಿನ ಮನೆಗಳಲ್ಲಿ ಇನ್ನೊಂದು ಕಾರಣವೂ ಇರಬಹುದು. ಭೂಮಿಯ ಆಳದಲ್ಲಿ ಒತ್ತಡದಲ್ಲಿರುವ ನೀರಿನಲ್ಲಿ ಗಾಳಿ ಜಾಸ್ತಿ ಕರಗಿರುತ್ತದೆ. ಮೋಟರ್ ಹಾಕಿ ಆ ನೀರನ್ನು ಪೈಪಿನಿಂದ ನೇರ ಟ್ಯಾಂಕಿಗೆ ಬಿಟ್ಟರೆ, ಆ ಗಾಳಿ ಮೀನಿನ ಮೈಯೊಳಗೆ ಗುಳ್ಳೆಯಾಗಿ ಕಣ್ಣಿನ ಹಿಂದೆ ಸೇರಿಕೊಳ್ಳಬಹುದು. ಇದಕ್ಕೆ ಯಾವ ಔಷಧಿಯೂ ಬೇಡ. ರಾತ್ರಿಯೇ ಬಕೆಟ್ಟಿನಲ್ಲಿ ನೀರು ಹಿಡಿದು, ಏರ್ ಪಂಪಿನ ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ಏರ್ ಸ್ಟೋನ್ ಬಿಟ್ಟು, ಬೆಳಿಗ್ಗೆ ಹಾಕಿದರೆ ಆಯಿತು.

ಈಗ ನೀಲಿ ಔಷಧಿಗೆ ಬರುತ್ತೇನೆ, ಅಂದರೆ ಮಿಥಿಲೀನ್ ಬ್ಲೂ. "ಮೇಡಂ, ಇದನ್ನ ಹಾಕಿ, ಎಲ್ಲಾದಕ್ಕೂ ಆಗುತ್ತೆ" ಅಂತ ಅಂಗಡಿಯವರು ಕೊಟ್ಟರು. ಚಿಕ್ಕ ಬಾಟಲು, ನೂರು ರೂಪಾಯಿಯೂ ಆಗಲಿಲ್ಲ. ಮೀನಿನ ಮೊಟ್ಟೆಗೆ ಬೂಷ್ಟು ಹಿಡಿಯದಂತೆ ಕಾಯುವುದಕ್ಕೆ, ಮೈಮೇಲಿನ ಹತ್ತಿಯಂಥ ಫಂಗಸ್ಸಿಗೆ ಇದು ನಿಜಕ್ಕೂ ಒಳ್ಳೆಯದು. ಆದರೆ ಕಣ್ಣಿನ ಹಿಂದೆ ತುಂಬಿಕೊಂಡ ನೀರಿಗೆ ಇದು ಏನೂ ಮಾಡುವುದಿಲ್ಲ. ಊತ ಇಳಿಸುವ ಗುಣ ಇದಕ್ಕಿಲ್ಲ.

ಅಷ್ಟೇ ಆಗಿದ್ದರೆ ಸುಮ್ನೆ ಬಿಡುತ್ತಿದ್ದೆ. ನನಗೆ ನಿಜವಾಗಿ ತಲೆಕೆಡಿಸಿದ್ದು ಅದರ ಬಣ್ಣ. ಕಣ್ಣಿಗೆ ಚಿಕಿತ್ಸೆ ಅಂದಮೇಲೆ ಕಣ್ಣನ್ನು ದಿನಾ ನೋಡಬೇಕು ಅಲ್ವಾ? ಊತ ನಿನ್ನೆಗಿಂತ ಇವತ್ತು ಜಾಸ್ತಿಯೋ ಕಡಿಮೆಯೋ, ಕಣ್ಣಿನ ಮೇಲಿನ ಪೊರೆ ಮಂಜಾಗಿದೆಯೋ, ಒಳಗೆ ರಕ್ತ ಕಟ್ಟಿದೆಯೋ, ಇದನ್ನೆಲ್ಲ ನೋಡದೆ ಮುಂದಿನ ಹೆಜ್ಜೆ ಇಡುವುದು ಹೇಗೆ? ಆ ನೀಲಿ ನೀರಿನಲ್ಲಿ ಮೀನು ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸ. ಟಾರ್ಚ್ ಬಿಟ್ಟರೂ ಬರೀ ಒಂದು ಕಪ್ಪು ನೆರಳು. ಕಣ್ಣು ನೋಡಬೇಕು ಅಂದರೆ ಬೋಗುಣಿಯಲ್ಲಿ ಎತ್ತಬೇಕು. ಎತ್ತಿದಾಗ ಅದು ಒದ್ದಾಡುತ್ತದೆ. ಮೊದಲೇ ಪೆಟ್ಟು ಬಿದ್ದ ಕಣ್ಣು, ಮತ್ತೆ ಬೋಗುಣಿಯ ಅಂಚಿಗೆ ತಾಗುತ್ತದೆ.

ಅದಕ್ಕಿಂತ ದೊಡ್ಡ ತಾಪತ್ರಯ ಅಮೋನಿಯಾ ಪರೀಕ್ಷೆಯದು. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಫಿಲ್ಟರಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ತಿಂದು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮಿಥಿಲೀನ್ ಬ್ಲೂ ಈ ಬ್ಯಾಕ್ಟೀರಿಯಾಗಳಿಗೂ ಕಂಟಕ. ಅವು ಸತ್ತರೆ ಅಮೋನಿಯಾ ಏರುತ್ತದೆ. ಹಾಗಾಗಿ ನೀಲಿ ಔಷಧಿ ಹಾಕಿದ ಮೇಲೆ ನೀರನ್ನು ಇನ್ನೂ ಹೆಚ್ಚು ಸಲ ಪರೀಕ್ಷೆ ಮಾಡಬೇಕು. ಆದರೆ ಮನೆಯಲ್ಲಿ ಬಳಸುವ ಡ್ರಾಪ್ಸ್ ಕಿಟ್ ನಡೆಯುವುದೇ ಬಣ್ಣದ ಮೇಲೆ. ಅಮೋನಿಯಾ ಇಲ್ಲದಿದ್ದರೆ ಟ್ಯೂಬಿನ ನೀರು ಹಳದಿ. ಇದ್ದಷ್ಟೂ ಹಸಿರು. ಈಗ ನೀಲಿ ನೀರಿಗೆ ಹಳದಿ ಬಣ್ಣ ಸೇರಿದರೆ ಏನಾಗುತ್ತದೆ? ಹಸಿರೇ! ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಎಷ್ಟು ಹೊತ್ತು ನೋಡಿದರೂ, ಅದು ಅಮೋನಿಯಾದ ಹಸಿರೋ ಔಷಧಿಯ ಹಸಿರೋ ಗೊತ್ತಾಗಲಿಲ್ಲ. ಯಾವಾಗ ಪರೀಕ್ಷೆ ತೀರಾ ಬೇಕೋ ಆಗಲೇ ಪರೀಕ್ಷೆ ಕೈಕೊಡುತ್ತದೆ. ಈ ಒಂದು ಕಾರಣಕ್ಕೇ ಕಣ್ಣಿನ ತೊಂದರೆಗೆ ನಾನು ಈ ಬಾಟಲನ್ನು ಮುಟ್ಟುವುದಿಲ್ಲ.

ಕೊನೆಗೆ ಫಿಲ್ಟರಿಗೆ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿದ ಮೇಲೆ ನೀರು ತಿಳಿಯಾಯಿತು. ಟ್ಯಾಂಕಿನ ಮೂಲೆಗಳ ಸಿಲಿಕೋನ್ ಮಾತ್ರ ಇವತ್ತಿಗೂ ನೀಲಿ.

ಕಲ್ಲುಪ್ಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡುಗೆಮನೆಯಲ್ಲೇ ಸಿಗುತ್ತದೆ, ಖರ್ಚಿಲ್ಲ. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಹಾಕಿದರೆ ಸುಸ್ತಾದ ಮೀನಿಗೆ ಆರಾಮ, ನೈಟ್ರೈಟ್ ಏರಿದಾಗ ಅದರ ವಿಷದಿಂದ ರಕ್ಷಣೆ. ಆದರೆ ಇದು ಸೋಡಿಯಂ ಕ್ಲೋರೈಡ್. ಊತ ಇಳಿಸುವುದರಲ್ಲಿ ಎಪ್ಸಮ್ ಮಾಡುವ ಕೆಲಸ ಇದು ಮಾಡುವುದಿಲ್ಲ. ಪಕ್ಕದ ಮನೆಯವರ ಟ್ಯಾಂಕಿನಲ್ಲಿ ಕಲ್ಲುಪ್ಪು ಹಾಕಿ ಕಾದೆವು. ಮೀನು ಚುರುಕಾಯಿತು, ಕಣ್ಣು ಇದ್ದ ಹಾಗೇ ಇತ್ತು. ವ್ಯಾಲಿಸ್ನೇರಿಯಾ ಗಿಡ ಕರಗಿಹೋಯಿತು. ಟ್ಯಾಂಕಿನಲ್ಲಿ ಕೋರಿಡೋರಾಸ್ ಥರದ ಮೀನುಗಳಿದ್ದರೆ ಉಪ್ಪಿನ ವಿಷಯದಲ್ಲಿ ಇನ್ನೂ ಹುಷಾರಾಗಿರಿ.

ಕ್ಯಾಪ್ಸೂಲಿನ ಕಥೆ ಬೇರೆ. ಏಂಜೆಲ್ ಮೀನಿಗೆ ಎರಡೂ ಕಣ್ಣು ಊದಿದ್ದಾಗ, ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ನೀರಿಗೆ ಹಾಕಿ ಅನ್ನುವ ಸಲಹೆ ಸಿಕ್ಕಿತು. ನೀರು ಹಳದಿಗಟ್ಟಿ ಮೇಲೆಲ್ಲ ನೊರೆ ನಿಂತಿತು. ನಮ್ಮದು ಆಗ ಬೋರ್ ನೀರು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮ್ಯಾಗ್ನೀಷಿಯಂ ಈ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಮೀನಿನ ಮೈಗೆ ಸೇರುವುದು ತೀರಾ ಕಡಿಮೆ. ಆ ಏಂಜೆಲ್ ಉಳಿಯಲಿಲ್ಲ. ಸೋಂಕು ಒಳಗಿದ್ದರೆ ಔಷಧಿ ಆಹಾರದ ಮೂಲಕ ಒಳಗೇ ಹೋಗಬೇಕು, ಅದೂ ಮೀನಿನ ರೋಗ ಗೊತ್ತಿರುವ ಪಶುವೈದ್ಯರು ಹೇಳಿದ ಔಷಧಿ, ಹೇಳಿದಷ್ಟು ದಿನ. ಮೀನು ತಿನ್ನುವುದನ್ನು ನಿಲ್ಲಿಸುವ ಮೊದಲೇ ಕೇಳಬೇಕು. ಇನ್ನೊಂದು ಮಾತು: ಟೆಟ್ರಾಸೈಕ್ಲಿನ್ ಮತ್ತು ಎಪ್ಸಮ್ ಸಾಲ್ಟ್ ಎರಡನ್ನೂ ಒಂದೇ ನೀರಿಗೆ ಹಾಕಬೇಡಿ. ಎಪ್ಸಮ್ ಅಂದರೇ ಮ್ಯಾಗ್ನೀಷಿಯಂ ಸಲ್ಫೇಟ್. ಮೇಲೆ ಹೇಳಿದ ತೊಂದರೆಯನ್ನು ನಾವೇ ತಂದು ಸುರಿದಂತೆ.

ಇನ್ನು ನನ್ನ ಮೆಚ್ಚಿನ ಎಪ್ಸಮ್. ಓರಾಂಡಾದ ಎಡಗಣ್ಣು ಮೇಲಿನಿಂದ ನೋಡಿದರೆ ಬಟಾಣಿ ಕಾಳಿನಷ್ಟು ಹೊರಗೆ ಬಂದಿತ್ತು. ಸುತ್ತ ಒಂದು ಬಿಳಿ ಉಂಗುರ. ಬಲಗಣ್ಣು ಸರಿಯಾಗಿತ್ತು. ಟ್ಯಾಂಕಿನಲ್ಲಿದ್ದ ಪ್ಲಾಸ್ಟಿಕ್ ಗಿಡದ ಮೇಲೆ ಹಳೆಯ ನೈಲಾನ್ ದುಪಟ್ಟಾ ಎಳೆದು ನೋಡಿದೆ. ಎರಡು ಕಡೆ ನೂಲು ಸಿಕ್ಕಿಕೊಂಡಿತು. ದುಪಟ್ಟಾ ಸಿಕ್ಕಿಕೊಳ್ಳುವ ಕಡೆ ಮೀನಿನ ಕಣ್ಣೂ ಗೀರುತ್ತದೆ. ಗಿಡ ತೆಗೆದು ಬಿಸಾಕಿದೆ.

ಮೀನನ್ನು ಟಬ್ಬಿಗೆ ಹಾಕಿ, 20 ಲೀಟರಿಗೆ ತಲೆ ತಟ್ಟಿದ ಒಂದು ಟೀ ಚಮಚ ಎಪ್ಸಮ್. ತೂಕದಲ್ಲಿ ಸುಮಾರು 5 ಗ್ರಾಂ. ಅದೇ ಟಬ್ಬಿನ ನೀರನ್ನು ಚೊಂಬಿನಲ್ಲಿ ತೆಗೆದು, ಪೂರ್ತಿ ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಸುರಿದೆ. ನೀರು ತಿಳಿಯಾಗೇ ಇತ್ತು. ಟೆಸ್ಟ್ ಕಿಟ್ ತನ್ನ ಬಣ್ಣವನ್ನು ಸರಿಯಾಗಿ ತೋರಿಸಿತು. ಬಿಳಿ ಟಬ್ಬಿನ ಮೇಲಿಂದ ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ಒಂದು ಫೋಟೊ. ಎರಡು ಕಣ್ಣನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದರೆ ಹೋಲಿಸುವುದು ಸುಲಭ. ಮೀನನ್ನು ಮುಟ್ಟುವ ಅಗತ್ಯವೇ ಬರಲಿಲ್ಲ.

ಲೆಕ್ಕ ತಪ್ಪುವುದು ನೀರು ಬದಲಿಸುವಾಗ. 20 ಲೀಟರಿನಲ್ಲಿ 6 ಲೀಟರ್ ತೆಗೆದರೆ, ಹೊಸದಾಗಿ ಹಾಕುವ 6 ಲೀಟರಿಗೆ ಮಾತ್ರ ಎಪ್ಸಮ್ ಸೇರಿಸಬೇಕು, ಅಂದರೆ ಕಾಲು ಚಮಚಕ್ಕಿಂತ ತುಸು ಜಾಸ್ತಿ. ಪ್ರತಿ ಸಲ ಪೂರ್ತಿ ಚಮಚ ಹಾಕಿದರೆ ಪ್ರಮಾಣ ಏರುತ್ತಾ ಹೋಗುತ್ತದೆ. ಆವಿಯಾಗಿ ಕಡಿಮೆಯಾದ ನೀರಿಗೆ ಬರೀ ನೀರು ಸಾಕು, ಎಪ್ಸಮ್ ಆವಿಯಾಗುವುದಿಲ್ಲ. ಕಾವೇರಿ ನೀರಾದರೆ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ ಕಳಿಸಿದ ನೀರು, ಅದರಲ್ಲಿ ಕ್ಲೋರಿನ್ ಇರುತ್ತದೆ. ಆ್ಯಂಟಿ ಕ್ಲೋರಿನ್ ಹನಿ ಹಾಕದೆ ಟಬ್ಬಿಗೆ ಸುರಿಯಬೇಡಿ.

ಪ್ಯಾಕೆಟ್ ಕೊಳ್ಳುವಾಗ ಒಂದು ಎಚ್ಚರಿಕೆ. ಕಾಲು ನೆನೆಸುವುದಕ್ಕೆ ಅಂತ ಮಾರುವ ಎಪ್ಸಮ್ಮಿನಲ್ಲಿ ಲ್ಯಾವೆಂಡರ್ ವಾಸನೆ, ಬಣ್ಣ, ಎಣ್ಣೆ ಸೇರಿಸಿರುತ್ತಾರೆ. ಮೀನಿಗೆ ಅದು ಬೇಡವೇ ಬೇಡ. ಹಿಂದೆ ತಿರುಗಿಸಿ ಓದಿ, ಮ್ಯಾಗ್ನೀಷಿಯಂ ಸಲ್ಫೇಟ್ ಬಿಟ್ಟು ಇನ್ನೇನೂ ಇರಬಾರದು.

ಊತ ಬೇಗ ಇಳಿಯುವುದಿಲ್ಲ. ಮೊದಮೊದಲು ಫೋಟೊಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಬಿಳಿ ಉಂಗುರ ತೆಳುವಾಯಿತು. ಕಣ್ಣು ಪೂರ್ತಿ ಒಳಗೆ ಹೋಗಲು ವಾರಗಳೇ ಹಿಡಿದವು. ಕೆಲವು ಮೀನುಗಳಿಗೆ ಊತ ಇಳಿದರೂ ದೃಷ್ಟಿ ಬರುವುದಿಲ್ಲ. ಒಂದು ಕಣ್ಣಿನಲ್ಲೂ ಗೋಲ್ಡ್ ಫಿಶ್ ಚೆನ್ನಾಗಿ ಬದುಕುತ್ತದೆ, ಊಟ ಹಾಕುವಾಗ ಸರಿಯಾದ ಕಣ್ಣಿನ ಕಡೆ ಹಾಕಿದರಾಯಿತು.

ನನಗೆ ಇದು ಒಗ್ಗಿದ್ದಕ್ಕೆ ನನ್ನ ದಿನಚರಿಯೂ ಕಾರಣ. ನಾನು ಮನೆಯಲ್ಲೇ ಇರುತ್ತೇನೆ, ಬೆಳಿಗ್ಗೆ ಗಿಡಕ್ಕೆ ನೀರು ಹಾಕುವ ಹೊತ್ತಿಗೆ ಟಬ್ಬಿನ ನೀರೂ ಬದಲಾಗುತ್ತದೆ. ಯುಟಿಲಿಟಿಯಲ್ಲಿ ಟಬ್ಬಿಗೆ ಜಾಗ ಇದೆ. ಒಂದು ಕಿಲೋ ಪ್ಯಾಕೆಟ್ ವರ್ಷಗಟ್ಟಲೆ ಬರುತ್ತದೆ. ಆಫೀಸಿಗೆ ಹೋಗುವವರು, ಟ್ಯಾಂಕಿನಲ್ಲಿ ಬರೀ ಗೋಲ್ಡ್ ಫಿಶ್ ಇಟ್ಟವರು, ಬೇರೆ ಟಬ್ಬಿನ ಗೋಜಿಲ್ಲದೆ ಅದೇ ಲೆಕ್ಕದಲ್ಲಿ ದೊಡ್ಡ ಟ್ಯಾಂಕಿಗೇ ಹಾಕಿ ವಾರಾಂತ್ಯದಲ್ಲಿ ಜಾಸ್ತಿ ನೀರು ಬದಲಿಸಬಹುದು. ಎಪ್ಸಮ್ ನೀರಿನ ಗಡಸುತನ ಏರಿಸುತ್ತದೆ. ಗೋಲ್ಡ್ ಫಿಶ್ಶಿಗೆ ಅದರಿಂದ ತೊಂದರೆಯಿಲ್ಲ. ಮೆದು ನೀರು ಬೇಡುವ ನಿಯಾನ್ ಟೆಟ್ರಾ ಥರದ ಮೀನುಗಳು ಅದೇ ಟ್ಯಾಂಕಿನಲ್ಲಿದ್ದರೆ ಮಾತ್ರ, ಊದಿದ ಕಣ್ಣಿನ ಮೀನನ್ನು ಬೇರೆ ಮಾಡಿ ಟಬ್ಬಿನಲ್ಲೇ ನೋಡಿಕೊಳ್ಳಿ.